ವಿಜಯಾ ಅಂದರೆ ಬ್ಯಾಂಕ್ ಅಲ್ಲ

ವೇದಿಕೆಯಲ್ಲಿರುವ ಹಿರಿಯರಿಗೂ, ಕರುಣಾಕರನ ಹೆಂಡತಿ, ನನಗೆ ತಂಗಿಯಂತಿರುವ ಗುಣವತಿಗೂ, ಮಗ ಉಜ್ವಲನಿಗೂ, ಈ ಶ್ರದ್ಧಾಂಜಲಿ ಸಭೆಗೆ ಕೆಲಸ ಬಿಟ್ಟು ಬಂದ ನಿಮಗೆಲ್ಲರಿಗೂ ನಮಸ್ಕಾರ. ನಾನು ಶೀನ. ಪಂಚಾಯತಿನಲ್ಲಿ ಕರುಣಾಕರನ ಪಕ್ಕದ ಕುರ್ಚಿಯವ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವ, ಚಂದ ಮಾಡಿ ಮಾತಾಡಲು ಬರುವುದಿಲ್ಲ.

ನನಗಿಂತ ಮೊದಲು ಮಾತಾಡಿದವರು ಅವನನ್ನು ಅಜಾತಶತ್ರು ಅಂದರು. ಸುಳ್ಳು. ಕಳೆದ ವರ್ಷದಿಂದ ಅವನನ್ನು 'ಗಾಂಜಾ ಕರುಣಾಕರ' ಅಂತ ಕರೆದವರು ಈ ಸಭೆಯಲ್ಲೇ ಇದ್ದೀರಿ. ಯಾರು ಅಂತ ಕೇಳುವುದಿಲ್ಲ — ನನಗೆ ಸಾಕಾಗಿದೆ.

ಸಂಗತಿ ಇಷ್ಟೇ. ಭವ್ಯಶ್ರೀಗೆ ಹಿರಿಯಡ್ಕ ರಸ್ತೆಯಲ್ಲಿ ಆಯುರ್ವೇದ ಮದ್ದಿನ ಅಂಗಡಿ ಉಂಟು. ವೈದ್ಯರ ಚೀಟಿ ಇದ್ದವರಿಗೆ ಮಾತ್ರ ಕೊಡುವ ಒಂದು ಎಣ್ಣೆ ಮಾರಲು ಅವಳು ಪಂಚಾಯತಿನ ಪರವಾನಿಗೆ ಕೇಳಿದಳು. ಸರಕಾರದ್ದು ಸಿಕ್ಕಿತ್ತು. ನಮ್ಮದೊಂದೇ ಬಾಕಿ. ಸಭೆಯಲ್ಲಿ ಕಾರ್ಯದರ್ಶಿ ಓದಿದರು — 'ಭವ್ಯಶ್ರೀಯವರ ಅಂಗಡಿಯಲ್ಲಿ ವಿಜಯಾ ಕೌಂಟರ್ ತೆರೆಯುವ ಬಗ್ಗೆ.'

ನಮ್ಮ ಭುಜಂಗ — ಅಗೋ, ಅಲ್ಲಿ ತಲೆ ತಗ್ಗಿಸಿದ್ದಾರೆ — "ಎಂತ, ವಿಜಯಾ ಬ್ಯಾಂಕ್ ಪುನಃ ಬಂತಾ? ಬೇರೆಯದರ ಜೊತೆ ಸೇರಿ ಹೋಗಿತ್ತಲ್ಲ. ಪಾಸ್ ಮಾಡಿ ಮಾರಾಯ್ರೆ, ನನ್ನ ಅಪ್ಪನ ಪಾಸ್‌ಬುಕ್ ಇನ್ನೂ ಉಂಟು" ಎಂದರು. ಎಲ್ಲರ ಕೈಯೂ ಮೇಲೆ.

ಆಗ ಕರುಣಾಕರ ಎದ್ದ. ನಾನು ಅವನ ಅಂಗಿ ಎಳೆದೆ. "ಕೂತ್ಕೋ ಮಾರಾಯ, ಪಾಸಾಯಿತಲ್ಲ." ಅವನು ಕೂರಲಿಲ್ಲ. "ಬ್ಯಾಂಕ್ ಅಲ್ಲ. ವಿಜಯಾ ಅಂದರೆ ಭಂಗಿ ಸೊಪ್ಪು, ಗಾಂಜಾ ಗಿಡದ್ದೇ. ಅದರ ಎಣ್ಣೆ. ಗೊತ್ತಿದ್ದು ಕೊಡಿ" ಎಂದ.

ಕೈಗಳೆಲ್ಲ ಕೆಳಗೆ. ಉಳಿದದ್ದು ಅವನದ್ದು, ನನ್ನದು.

ಹೊರಗೆ ಬಂದು ಬೈದೆ. "ನಿನ್ನ ಸತ್ಯವನ್ನು ಉಪ್ಪು ಹಾಕಿ ನೆಕ್ಕು." ಅವನು ಹೇಳಿದ — "ಶೀನಣ್ಣ, ಗೊತ್ತಿಲ್ಲದೆ ಕೊಟ್ಟರೆ ಮೊದಲ ದೂರಿಗೇ ಬೀಗ ಹಾಕಿಸುತ್ತಾರೆ. ಆಮೇಲೆ ಹಲೀಮಕ್ಕ ಎಲ್ಲಿಗೆ ಹೋಗುವುದು?"

ಹಲೀಮಕ್ಕನಿಗೆ ಕ್ಯಾನ್ಸರ್. ಮಣಿಪಾಲದಲ್ಲಿ ಚಿಕಿತ್ಸೆ ಆಗಿದೆ. ನೋವಿಗೆ ಅಂತ ವೈದ್ಯರು ಬರೆದ ಆ ಎಣ್ಣೆಗಾಗಿ ಮಗ ನಿಯಾಝ್ ರಜೆ ಹಾಕಿ ಮಂಗಳೂರಿಗೆ ಹೋಗುತ್ತಾನೆ. ಬಾಟಲಿ ಮುಗಿದು ಅವನಿಗೆ ರಜೆ ಸಿಗದಿದ್ದರೆ — ಅವರು ಗೋಡೆ ಹಿಡಿದು ಕೂರುತ್ತಾರೆ. ಹೋಗಿ ನೋಡಿ.

ನಿಮ್ಮ ಹೆದರಿಕೆ ಸುಳ್ಳಲ್ಲ. ಗಾಂಜಾ ಹಿಡಿದರು, ಗಾಂಜಾ ಹಿಡಿದರು ಅಂತ ಪೇಪರಿನಲ್ಲಿ ಓದಿ ನನಗೂ ಮೊಮ್ಮಕ್ಕಳ ಚಿಂತೆ. ಕರುಣಾಕರನಿಗೂ ಇತ್ತು. ಅದಕ್ಕೇ ಅವನು ಷರತ್ತು ತಂದ — ಶಾಲೆಯ ಹತ್ತಿರ ಬೇಡ, ಚೀಟಿ ಇಲ್ಲದೆ ಬೇಡ, ಕಪಾಟಿಗೆ ಬೀಗ, ಪಂಚಾಯತಿನವರು ಯಾವಾಗ ಬಂದರೂ ತೆರೆದು ತೋರಿಸಬೇಕು. ಭವ್ಯಶ್ರೀ ಎಲ್ಲದಕ್ಕೂ ಒಪ್ಪಿದಳು.

ನೀವು ಎಂತ ಮಾಡಿದಿರಿ? 'ಮುಂದಿನ ಸಭೆಗೆ.' ಪುನಃ 'ಮುಂದಿನ ಸಭೆಗೆ.' ಬೇಡ ಅಂತ ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಅವಳು ಮೇಲೆ ಅಪೀಲು ಹೋಗುತ್ತಿದ್ದಳು. ಸುಮ್ಮನೆ ಕೂತಿರಿ. ಚಹಾ ಬಂತು — ಕುಡಿದಿರಿ.

ಕಾರ್ಕಳದ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲೇ, ಗುಣವತಿಯನ್ನು ಯಾರೋ ಕೇಳಿದರಂತೆ — "ನಿಮ್ಮಲ್ಲಿ ಹೋಲ್‌ಸೇಲಾ, ರಿಟೇಲಾ?" ಅವಳು ಎಲೆ ಮಡಚಿ ಎದ್ದಳು. ಮನೆಗೆ ಬಂದು ಗಂಡನಿಗೆ ಹೇಳಲಿಲ್ಲ. ಮೊನ್ನೆ, ಅವನ ಎದೆಬಡಿತ ನಿಂತ ಮೇಲೆ, ನನಗೆ ಹೇಳಿದಳು.

ಬುಧವಾರ ಸಭೆ ಉಂಟು. ಪರವಾನಿಗೆಯ ವಿಷಯ ಬರುತ್ತದೆ. ಈಗ ಇರುವುದು ನನ್ನದೊಂದೇ ಕೈ, ಅದಕ್ಕೂ ವಯಸ್ಸಾಯಿತು. ಕೊಡುವ ಅನ್ನಿ, ಬೇಡ ಅನ್ನಿ. ಬಾಯಿ ಬಿಟ್ಟು ಅನ್ನಿ.

ಹೆಚ್ಚು ಮಾತಾಡಿದೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ಹಲೀಮಕ್ಕ, ನೀವು ಏಳಬೇಡಿ, ಅಲ್ಲೇ ಕೂತಿರಿ.

ಕರುಣಾಕರನಿಗಾಗಿ ಒಂದು ನಿಮಿಷ ಸುಮ್ಮನಿರುವ. ಇವತ್ತು ಮಾತ್ರ.