ಅಕ್ಕ ಪೆಟ್ಟಿಗೆ ಬಿಚ್ಚಿದ್ದು

ಹಲ್ಲಿನ ಡಾಕ್ಟರ ಬಳಿ ಕೆನ್ನೆ ಊದಿಸಿಕೊಂಡು ಕಾಯುತ್ತಿದ್ದ ಬಸ್ ಡ್ರೈವರಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು. ಅಕ್ಕನಿಗೆ ಅರವತ್ತು ದಾಟಿರಬೇಕು. ತಂಗಿ ಕೇಳುತ್ತಿದ್ದಳು:

“ಕಂಪ್ಯೂಟರಿನ ಆ ಸ್ಟೋರೇಜ್ ಪೆಟ್ಟಿಗೇನ ನೀನೇ ಬಿಚ್ಚಿದ್ಯಾ? ಭಾವ ನಲವತ್ತು ವರ್ಷ ತೆಗೆದ ಫೋಟೋ ಎಲ್ಲ ಅದರಲ್ಲೇ ಇರೋದಲ್ವೇನೆ?”

“ಅದಕ್ಕೇ ಮೊದಲು ಎಲ್ಲಾನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಟ್ಟೆ. ಎರಡು ದಿನ ಹಿಡೀತು.”

“ಮಗ ಸುಮ್ಮನಿದ್ನಾ?”

“‘ಮುಟ್ಟಬೇಡಮ್ಮಾ, ರಿಪೇರಿಯವರನ್ನ ಕರೀತೀನಿ’ ಅಂತ ಆರು ತಿಂಗಳು ತಳ್ಳಿದ. ಪೆಟ್ಟಿಗೆ ಅಷ್ಟು ನಿಧಾನ; ಇವರೋ, ಒಂದು ಫೋಟೋ ತೆರೆಯೋಕೆ ಕಾದು ಕಾದು ನೋಡೋದನ್ನೇ ಬಿಟ್ಟರು. ನನಗೆ ತಡೆಯೋಕಾಗಲಿಲ್ಲ.”

“ಏನು ಹಾಕಿದೆ ಅದಕ್ಕೆ?”

“ಎಸ್‌ಎಸ್‌ಡಿ ಅಂತ, ಬೇಗ ಓದೋ ಮೆಮೊರಿ, ಚ್ಯೂಯಿಂಗ್ ಗಮ್ ಪಟ್ಟಿಯಷ್ಟಿದೆ. ಯಾವ ಫೋಟೋ ಎಲ್ಲಿದೆ ಅನ್ನೋ ಲೆಕ್ಕವೆಲ್ಲ ಈಗ ಅದರಲ್ಲೇ ಇರುತ್ತೆ. ಹಳೇ ಡಿಸ್ಕಲ್ಲಿ ತಡಕಾಡೋ ಕೆಲಸವಿಲ್ಲ.”

“ಸುಲಭವಾಗಿ ಹಾಕೋಕೆ ಆಯ್ತಾ?”

“ಎಲ್ಲಿ ಸುಲಭ? ಸ್ಕ್ರೂ ಮೂರು ಸಲ ಕೆಳಗೆ ಬಿತ್ತು. ನಾಲ್ಕನೇ ಸಲ ಕೂತಿತು. ಈಗ ಮುಟ್ಟಿದರೆ ಸಾಕು, ಪಟಪಟ ಅಂತ ಬರ್ತವೆ. ಮಗ ಆಫೀಸಲ್ಲೆಲ್ಲ ಹೇಳಿಕೊಂಡು ಓಡಾಡ್ತಿದ್ದಾನೆ.”

“ಭಾವ ಏನಂದ್ರು?”

ಅಕ್ಕ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಒಳಗೆ ಹೋಗಿ ಕ್ಯಾಮೆರಾ ತಂದರು. ‘ಸ್ಕ್ರೂಡ್ರೈವರ್ ಕೈಯಲ್ಲೇ ಇರಲಿ, ಇತ್ತ ನೋಡು’ ಅಂದ್ರು. ಊರಿನವರ ಫೋಟೋ ಎಲ್ಲ ತೆಗೆದವರು ನಾನು ಕೆಲಸ ಮಾಡೋದನ್ನ ತೆಗೆದದ್ದು ಅದೇ ಮೊದಲು ಕಣೇ.”

ಅಷ್ಟರಲ್ಲಿ ನರ್ಸ್ ಕರೆದಳು. ತಂಗಿ ಅಕ್ಕನ ಚೀಲವನ್ನೂ ತಾನೇ ಎತ್ತಿಕೊಂಡು ಮುಂದೆ ನಡೆದಳು. ಬಾಗಿಲಲ್ಲಿ ನರ್ಸಿಗೆ ಅವಳು ಹೇಳಿದ್ದು ಡ್ರೈವರಿಗೂ ಕೇಳಿಸಿತು:

“ಹಲ್ಲುನೋವು ಇವರಿಗೆ, ಸ್ವಲ್ಪ ಹುಷಾರಾಗಿ ನೋಡಿಕೊಳ್ಳಿ. ನಮ್ಮಕ್ಕ ಕಂಪ್ಯೂಟರ್ ರಿಪೇರಿ ಮಾಡ್ತಾರೆ.”