ಎಲ್ಲರ ಮಗ

“ಒಂದ್ಸಲ ನಾನು ಹಿಂಗೆ ತುತ್ತೂರಿ ಊದಿದೆ ನೋಡ್ರಪ್ಪ, ಮಣ್ಣಲ್ಲಿ ಮಲಗಿದ್ದ ಹನ್ನೊಂದು ಜನ ಎದ್ದು ಕೂತ್ಕೊಂಡು, ‘ತಾತಾ, ಇನ್ನೊಂದ್ಸಲ ಊದು’ ಅಂದ್ರು! ಆಗಿನ್ನೂ ನಂಗೆ ಮೀಸೆ ಚಿಗುರಿರಲಿಲ್ಲ.”

“ಮೀಸೆ ಇಲ್ದೋನ್ನ ತಾತ ಅಂದ್ರಾ?” ಎಂದ ಬೂಟು ತಿಕ್ಕುತ್ತಿದ್ದ ಕಾವಲುಗಾರನೊಬ್ಬ.

“ಸತ್ತೋರಿಗೆ ಮುಂದಿನದೆಲ್ಲ ಕಾಣುತ್ತೆ ಕಣೋ, ಪೆದ್ದ!”

ಕಾವಲು ಕೋಣೆಯೆಲ್ಲ ನಕ್ಕಿತು. ನಗದವಳು ಒಬ್ಬಳೇ, ತುಕಡಿಯ ನಾಯಕಿ. ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂತಿದ್ದ ಆ ಮುದುಕ ಅವಳ ಮಾವ. ಒಂದು ಕಾಲದಲ್ಲಿ ಇದೇ ಸ್ಮಾರಕದಲ್ಲಿ ತುತ್ತೂರಿ ಊದುತ್ತಿದ್ದವನು. ನಿವೃತ್ತನಾದ ಮೇಲೆ ತನ್ನದನ್ನೇ ಊದಿಕೊಳ್ಳುತ್ತಿದ್ದಾನೆ ಎಂದು ಮನೆಮಂದಿ ಆಡಿಕೊಳ್ಳುತ್ತಿದ್ದರು. ಜಾರಿ ಬಿದ್ದು ಮಳೆಗಾಲ ಶುರುವಾದಾಗಿನಿಂದ ಹಾಸಿಗೆ ಹಿಡಿದಿದ್ದವನು ಈ ಸಂಜೆ ಊರುಗೋಲು ಕುಟ್ಟಿಕೊಂಡು, ತೊಪ್ಪೆಯಾಗಿ ನೆನೆದು ಬಂದಿದ್ದ. ಯಾಕೆ ಬಂದ ಎಂಬುದು ಅವಳಿಗೆ ತಿಳಿಯಲಿಲ್ಲ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಾಯಿತಪ್ಪಿ ಆಡಿದ ಮಾತೊಂದೇ ನೆನಪು: “ಇವತ್ತು ಹಿಂದಿನ ಗೋಡೆ ಹತ್ರ ಹುಡುಕ್ಬೇಕು ಮಾವ.”

ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಹಗ್ಗದ ಮೇಲೆ ಬಿಳಿ ಕೈಗವಸುಗಳು ಒಣಗಲಾರದೆ ಜೋತುಬಿದ್ದಿದ್ದವು. ಕಿಟಕಿಯಾಚೆ ಸರಪಳಿ, ಸರಪಳಿಯೊಳಗೆ ಗುರುತು ಸಿಗದ ಸೈನಿಕನ ಕರಿಕಲ್ಲು, ಅದರ ಎರಡು ಬದಿಗೆ ಮಳೆಯಲ್ಲೇ ಕಲ್ಲಾಗಿ ನಿಂತ ಇಬ್ಬರು. ಕಾವಲು ಬದಲಾಗುವಾಗ ಹೋಗುವವನು ಬರುವವನನ್ನು ಗಟ್ಟಿಯಾಗಿ ಕೇಳಬೇಕು: “ಒಳಗೆ ಯಾರು?” ಬರುವವನು ಹೇಳಬೇಕು: “ಯಾರೂ ಅಲ್ಲ. ಎಲ್ಲರ ಮಗ.” ಈ ಹೊಸ ತುಕಡಿ ಬಂದಂದಿನಿಂದ, ಬರುವವನು ಬಾಯಿ ತೆರೆಯುವ ಮೊದಲೇ ಇನ್ಯಾವುದೋ ದನಿ ನಡುವೆ ಬಾಯಿ ಹಾಕುತ್ತಿತ್ತು. ನಾಳೆ ದೊಡ್ಡವರು ಹೂಮಾಲೆ ಇಡಲು ಬರುವವರಿದ್ದರು. ಅಧಿಕಾರಿ ಅವಳಿಗೆ ಖಡಕ್ಕಾಗಿ ಹೇಳಿದ್ದ: “ಹಿಂದಿನ ಗೋಡೆ ಹತ್ರ ಯಾರೋ ಇದಾರೆ, ಇವತ್ತೇ ಹಿಡಿದು ಹಾಕಿ. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೊಳ್ಳಿ.” ನಾಲ್ವರು ಟಾರ್ಚು ಹಿಡಿದು ಸಿದ್ಧರಾಗಿದ್ದರು. ಆದರೆ ಬಾಗಿಲಲ್ಲಿ ಮುದುಕ ಕೂತಿದ್ದ.

“ಹೋಗೋರು ಹೋಗ್ರಿ, ಯಾರು ಬೇಡ ಅಂದ್ರು? ಹೋಗೋ ಮುಂಚೆ ಏನನ್ನ ಹುಡುಕಕ್ಕೆ ಹೋಗ್ತಿದೀರಿ ಅಂತ ತಿಳ್ಕೊಂಡು ಹೋಗ್ರಿ…” ಎಂದು ಅವನು ದನಿ ತಗ್ಗಿಸಿದ. ಮದುವೆಯಾದಾಗಿನಿಂದ ಕೇಳಿದ ಕತೆ. ಸೊಸೆ ಕೈಕಟ್ಟಿ ನಿಂತಳು.

“ಯುದ್ಧ ಮುಗಿದ ವರ್ಷ. ಈ ಕಲ್ಲು ಕಡೆದು ನಿಲ್ಲಿಸಿದ್ರು, ಸರಪಳಿ ಹಾಕಿದ್ರು, ನನ್ನ ತುತ್ತೂರಿಗೆ ಚಿನ್ನದ ನೀರು ಹಾಕ್ಸಿದ್ರು… ಆಯ್ತು, ಹಿತ್ತಾಳೆ ಪಾಲಿಶು, ನಗಬೇಡ್ರಿ. ಎಲ್ಲಾ ತಯಾರು, ಒಳಗೆ ಮಲಗೋನು ಒಬ್ಬ ಬೇಕಲ್ಲ? ಹೆಸರಿಲ್ಲದ ಹೆಣಗಳಲ್ಲಿ ಒಂದನ್ನ ಆರಿಸಿದ್ರು. ಆರಿಸಿದೋರು ನೋಡ್ತಾರೆ, ಸಮವಸ್ತ್ರವೆಲ್ಲ ಕೆಸರು, ರಕ್ತ. ದೊಡ್ಡವರು ಬರೋ ದಿನ ಇದು ಚೆಂದ ಕಾಣಲ್ಲ ಅಂತ ಒಗೆದು ಇಸ್ತ್ರಿ ಮಾಡ್ಸಕ್ಕೆ ಕಳಿಸಿದ್ರು. ಎಲ್ಲಿಗೆ? ಈ ಹಿಂದಿನ ಗೋಡೆಯಾಚೆ ಲಾಂಡ್ರಿಗೆ. ಅಲ್ಲಿ ಇಸ್ತ್ರಿ ಹಾಕೋಳು ಯಾರು? ಮಗನ್ನ ಯುದ್ಧಕ್ಕೆ ಕಳಿಸಿ, ಹೋದನೋ ಇದಾನೋ ಅಂತ ಒಂದು ಸುದ್ದೀನೂ ಇಲ್ದೆ ಕೂತಿದ್ದ ಒಬ್ಬ ತಾಯಿ!

ಅವಳು ಒಗೆದ್ಲು. ಒಣಗಿಸಿದ್ಲು. ಇಸ್ತ್ರಿ ಹಾಕಕ್ಕೆ ಕಾಲರ್ ಎತ್ತಿದ್ಲು… ಹಸಿರು ಬಟ್ಟೆ, ಕೆಂಪು ದಾರ. ಮಗ ರಜೆಗೆ ಬಂದಾಗ ಕಾಲರ್ ಸವೆದಿದ್ದಕ್ಕೆ ತಾನೇ ಮಗುಚಿ ಹಾಕಿ ಹೊಲಿದಿದ್ಲು, ಹಸಿರು ದಾರ ಮುಗಿದಿತ್ತು ಅಂತ ಕೆಂಪಲ್ಲಿ. ಬೇರೆಯೋರಿಗೆ ಗೊತ್ತಾಗ್ದೇ ಇರಬಹುದು. ತಾನು ಹಾಕಿದ ಹೊಲಿಗೆ ತನಗೆ ಗೊತ್ತಾಗಲ್ವಾ?

ಅಂಗಿ ಎದೆಗವಚಿಕೊಂಡು ಓಡಿ ಬಂದ್ಲು. ‘ಸ್ವಾಮಿ, ಇವನು ನನ್ನ ಮಗ, ಕೊಟ್ಬಿಡಿ.’ ಆ ಅಧಿಕಾರಿ… ಅವನ ನಾಲಿಗೆಗೆ ಹುಳ ಬೀಳಾ… ಏನಂದ ಗೊತ್ತೇನ್ರೋ? ‘ಕಲ್ಲು ಕೆತ್ತಿ ಆಗಿದೆ ಕಣಮ್ಮ, ನಾಳೇನೇ ಕಾರ್ಯಕ್ರಮ. ಇವನು ನಿನ್ನ ಮಗ ಆಗ್ಬಿಟ್ರೆ ನಾವು ಗುರುತಿಲ್ಲದೋನ್ನ ಎಲ್ಲಿಂದ ತರೋಣ?’ ಬದುಕಿದ್ದಾಗ ಸವೆದ ಕಾಲರು ಬದಲಾಯ್ಸಿ ಒಂದು ಅಂಗಿ ಕೊಡಲಿಲ್ಲ ನನ್ಮಕ್ಳು, ಸತ್ತ ಮೇಲೆ ಮೈತುಂಬ ಇಸ್ತ್ರಿ! ಹೂಳಿದ್ರು. ನಾನು ತುತ್ತೂರಿ ಊದಿದೆ. ಅವಳು ಸರಪಳಿ ಹೊರಗೆ ನಿಂತಿದ್ಲು. ‘ಯಾರೂ ಅಲ್ಲ, ಎಲ್ಲರ ಮಗ’ ಅಂತ ಕಾವಲಿನೋನು ಅಂದಿದ್ದೇ ತಡ, ಅವಳು ಕೂಗಿದ್ಲು ನೋಡ್ರಿ: ‘ಎಲ್ಲರ ಮಗ ಅಂತೀರಲ್ಲೋ, ಎಲ್ಲರೂ ಸೇರಿ ಹೆತ್ರೇನ್ರೋ? ಹೆತ್ತೋಳು ನಾನೊಬ್ಬಳೇ!’

ಎಳ್ಕೊಂಡು ಹೋದ್ರು. ಮಾರನೇ ದಿನ ಬಂದ್ಲು, ಮತ್ತೆ ಎಳೆದ್ರು. ಕೊನೆಗೆ ಅದೇ ಕೊರಗಲ್ಲಿ ಸತ್ತಳು ಪಾಪ. ಸತ್ತ ಮೇಲೆ ಶುರುವಾಯ್ತು! ‘ಒಳಗೆ ಯಾರು?’ ಅಂದ್ರೆ ಸಾಕು, ಹಿಂದಿನ ಗೋಡೆಯಿಂದ ‘ನನ್ನ ಮಗಾ…’ ಅಂತ! ಅಧಿಕಾರಿ ಧ್ವಜದ ಕಂಬ ಹತ್ತಿ ಕೂತ, ಟೋಪಿ ಮಾತ್ರ ಗಾಳೀಲೇ ನಿಂತಿತ್ತು! ಹುಡುಕಕ್ಕೆ ಹೋದ ಏಳು ಜನ ಗಂಡಸರು ಬೆಳಗಾಗೋದ್ರಲ್ಲಿ ತಲೆ ಬೆಳ್ಳಗಾಗಿ ಬಂದ್ರು. ಒಬ್ಬನಿಗಂತೂ ಹಲ್ಲೂ ನರೆತಿತ್ತು!”

ಯಾರೂ ನಗಲಿಲ್ಲ. ಟಾರ್ಚು ಹಿಡಿದವನೊಬ್ಬ ಮೆಲ್ಲಗೆ ಬೆಂಚಿನ ಮೇಲೆ ಕೂತ. ಮುದುಕನ ಮೀಸೆಯಂಚಿನಲ್ಲಿ ಗೆದ್ದ ನಗು.

“ಮಾವ,” ಎಂದಳು ಸೊಸೆ. “ನಿಮ್ಮ ದೆವ್ವ ಹೆಂಗಸು ತಾನೆ?”

“ಮತ್ತೆ? ಹೆತ್ತ ಕರುಳಮ್ಮ.”

“ನಾವು ಬಂದಾಗಿಂದ ಕೇಳ್ತಿರೋದು ಗಂಡಸಿನ ದನಿ.”

“ಅದು… ಮಳೇಲಿ ನಿಂತೂ ನಿಂತೂ ನೆಗಡಿ ಆಗಿರುತ್ತೆ. ಗಂಟಲು ಕಟ್ಟಿರುತ್ತೆ.”

“ದೆವ್ವಕ್ಕೆ ನೆಗಡೀನಾ ಮಾವ?”

ಕಾವಲುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕ ತಲೆ ತಗ್ಗಿಸಿದ. ಇಷ್ಟು ವರ್ಷಗಳಲ್ಲಿ ಅವನು ಮಾತಿಗೆ ತಡಕಾಡಿದ್ದನ್ನು ಅವಳು ನೋಡಿರಲಿಲ್ಲ.

“ಸಿಕ್ಕಿಬಿದ್ದೆ, ಬಿಡು,” ಎಂದ. “ಅವಳು ಸತ್ತಿಲ್ಲ ಕಣಮ್ಮ. ಗೋಡೆಯಾಚೆ ಅದೇ ಕೋಣೇಲಿ ಇದಾಳೆ, ನನಗಿಂತ ಮುದುಕಿ. ದಿನಾ ಬಂದು ಗೋಡೆಗೆ ಬಾಯಿಟ್ಟು ಕೂಗ್ತಾಳೆ. ಬದುಕಿರೋ ಹೆಂಗಸು ಅಂತ ಗೊತ್ತಾದ್ರೆ ಎಳ್ಕೊಂಡು ಹೋಗಿ ಹುಚ್ಚಾಸ್ಪತ್ರೆಗೆ ತುಂಬ್ತಾರೆ. ಅದಕ್ಕೇ ದೆವ್ವ ಅಂದೆ. ಬಂದೂಕು ಹಿಡಿದೋನೂ ಆ ಕಡೆ ತಲೆ ಹಾಕಲಿಲ್ಲ. ಬಂದ ಬಂದ ತುಕಡಿಗೆಲ್ಲ ಇದೇ ಕತೆ ಹೇಳಿದೆ. ಮಗನ್ನಂತೂ ಕೊಡಲಿಲ್ಲ, ಅವನ ಹೆಸರು ಹಿಡ್ಕೊಂಡು ಅಳಕ್ಕಾದ್ರೂ ಒಂದು ಗೋಡೆ ಬೇಡವೇನಮ್ಮ? ಬೈಯಬೇಕಿದ್ರೆ ನನ್ನ ಬೈ. ಅವಳನ್ನ ಹಿಡೀಬೇಡ.”

ಬೆಳಿಗ್ಗೆ ಸೊಸೆಯೇ ಗೋಡೆಯಾಚೆ ಹೋಗಿ ವಿಚಾರಿಸಿ ಬಂದಿದ್ದಳು. ಆ ಕೋಣೆಗೆ ಬೀಗ ಬಿದ್ದಿತ್ತು.

“ಮಾವ… ಅಲ್ಲಿದ್ದ ಇಸ್ತ್ರಿ ಅಜ್ಜಿ ಮಳೆಗಾಲದ ಮೊದಲಲ್ಲೇ ತೀರ್ಕೊಂಡ್ರಂತೆ. ಲಾಂಡ್ರಿಯವರೇ ಹೇಳಿದ್ರು. ನೀವು ಹಾಸಿಗೇಲಿದ್ರಿ. ನಾವು ಬರೋ ಹೊತ್ತಿಗೆ ಅವರು ಇರಲೇ ಇಲ್ಲ.”

ಮುದುಕ ಬಹಳ ಹೊತ್ತು ಅಂಗೈಯಿಂದ ಮುಖ ಒರೆಸಿಕೊಂಡ.

ಅವಳು ಹುಡುಗರ ಕಡೆ ತಿರುಗಿದಳು. ದನಿ ಕಟುವಾಗಿತ್ತು. “ಟಾರ್ಚ್ ಕೆಳಗಿಡ್ರಿ. ಯಾರೂ ಹುಡುಕಕ್ಕೆ ಹೋಗ್ಬೇಡಿ. ನನ್ನ ಕೆಲಸ ಹೋದ್ರೆ ಹೋಗ್ಲಿ. ನಾಳೆ ಹೂಮಾಲೆ ತಂದೋರೇ ನಿಂತು ಕೇಳಿಸ್ಕೊಳ್ಲಿ, ಉತ್ತರಾನೂ ಅವರೇ ಕೊಡ್ಲಿ.”

“ಏನನ್ನುತ್ತಮ್ಮ ಅದು?” ಮುದುಕನ ದನಿ ಕೇಳಿಸಿದ್ದೇ ಕಷ್ಟ. “ಆ ಗಂಡಸಿನ ದನಿ… ಏನಂತ ಕೂಗುತ್ತೆ?”

“ಕೂಗಲ್ಲ ಮಾವ, ಕೇಳುತ್ತೆ. ಗೋಡೆ ಕಡೆಯಿಂದ ಅಂತ ಅಧಿಕಾರಿ ಅಂತಾರೆ. ಹತ್ತಿರ ನಿಂತೋರಿಗೆ ಕಲ್ಲಿನ ಕೆಳಗಿಂದ ಬಂದ ಹಾಗಿರುತ್ತೆ. ‘ಅಮ್ಮ ಯಾಕೆ ಬರ್ತಿಲ್ಲ?’ ಅನ್ನುತ್ತೆ.”

ಮುದುಕ ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ.

“ನಾನು ಈ ಜನ್ಮದಲ್ಲಿ ಒಂದು ದೆವ್ವಾನೂ ಕಂಡೋನಲ್ಲ ಕಣ್ರಪ್ಪ. ಎದ್ದು ಕೂತ ಹನ್ನೊಂದು ಜನ, ನರೆತ ಹಲ್ಲು, ಎಲ್ಲಾ ನಾನೇ ಕಟ್ಟಿದ್ದು. ಆದ್ರೆ ಈ ಒಂದು ಮಾತು…” ಎಂದು ನಿಲ್ಲಿಸಿದ. “ಈ ಮಾತು ನಾನು ಕಟ್ಟಿದ್ದಲ್ಲ.”