ಚೆಂಡು ಹೂವಿಗೆ ಜಾಗ

ಹೊಸದುರ್ಗದ ಬಸ್ ನಿಲ್ದಾಣದಲ್ಲಿ ನಾನು ಹೊಳಲ್ಕೆರೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬಳು ಚೆಂಡು ಹೂವಿನ ಸಸಿಗಳ ಟ್ರೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಊರಿನ ಮುದುಕಿಯೊಬ್ಬಳು ಬಂದು ಮಾತು ತೆಗೆದಳು.

“ಮತ್ತೆ ತಂದ್ಯೇನೇ ಸುಮಿತ್ರಾ? ಹೋದ್ ವರ್ಷ ಬರೀ ಎಲೇನೇ ಬಂತಲ್ಲ.”

“ತೆಂಗಿನ ನೆಳ್ಳಾಗೆ ಹಾಕಿದ್ನಲ್ಲ ಓಬವ್ವ. ಹೂವು ಎಲ್ಲಿಂದ ಬರ್ತೈತೆ?”

“ನಿನ್ನ ಕೈಗುಣಾನೇ ಸರಿಯಿಲ್ಲ ಅಂತ ನಿಮ್ಮತ್ತೆ ಊರೆಲ್ಲ ಹೇಳ್ಕಂಡು ಬಂದ್ಳು.”

“ಅದಕ್ಕೇ ಮತ್ತೆ ತಂದಿರೋದು. ಈ ಸಲ ಬಿಸ್ಲಿಗೇ ಹಾಕ್ತೀನಿ.”

“ನಿಮ್ಮನೇಲಿ ದಿನವೆಲ್ಲ ಬಿಸ್ಲು ಬೀಳೋ ಜಾಗದಾಗೆ ಕುರಿ ಕೂಡೋ ರೊಪ್ಪ ಐತಲ್ಲೇ.”

“ರೊಪ್ಪ ತೆಂಗಿನ ಕೆಳಗೆ ಹೋಗ್ತೈತೆ. ಕುರಿಗೂ ತಂಪು.”

“ನಿಮ್ಮ ಮಾವ ಒಪ್ಪಬೇಕಲ್ಲ. ಅವ್ರಪ್ಪನ ಕಾಲದಿಂದ ಅಲ್ಲೇ ಐತೆ ಅದು.”

“ಕೇಳಾಕೆ ಹೋಗಿಲ್ಲ. ಬೆಳಿಗ್ಗೆ ಅವ್ರು ಕುರಿ ಹೊಡ್ಕಂಡು ಹೋದ ಮ್ಯಾಲೆ ಬೇಲಿ ಕಿತ್ತು, ತೆಂಗಿನ ಕೆಳಗೆ ಕಟ್ಟಿ ಬಂದೀನಿ.”

“ಸಂಜಿಗೆ ಬಂದು ನೋಡಿದ್ರೆ?”

“ನೋಡ್ಲಿ. ಅಷ್ಟೊತ್ತಿಗೆ ಸಸಿ ನೆಟ್ಟಾಗಿರ್ತೈತೆ.”

ಅವರೂರಿಗೆ ಹೋಗುವ ಶ್ರೀರಾಂಪುರದ ಬಸ್ಸು ಬಂತು. ಎಲ್ಲರೂ ನೆರಳಿನ ಕಡೆಯ ಸೀಟುಗಳಿಗೆ ನುಗ್ಗಿದರು. ಓಬವ್ವ ತನ್ನ ಪಕ್ಕ ಜಾಗ ಹಿಡಿದು ಕರೆದಳು. ಸುಮಿತ್ರಾ ಬಿಸಿಲು ಹೊಡೆಯುವ ಕಿಟಕಿಗೆ ಹೋಗಿ, ಟ್ರೇಯನ್ನು ತೊಡೆಯ ಮೇಲಿಟ್ಟು, ಸೆರಗನ್ನು ತನ್ನ ತಲೆಗೆ ಮಾತ್ರ ಹೊದ್ದು ಕೂತಳು.